ನಾಯಿಯ ಮಾತಿಗೊಂದು ಅಕ್ಷರ

ಅಚ್ಚಿನ ಅಕ್ಷರಕ್ಕೂ ಒಂದು ದನಿಯುಂಟು. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಕೊನೇರ್ ಅವರಿಗೆ ಇದು ಮನಗಂಡದ್ದು ಒಂದು ನಾಯಿಯಿಂದ. ಗಣಕದ ಪರದೆಯ ಮೇಲೆ ಚಿತ್ರದ ನಾಯಿಯೊಂದು ಮಾತಾಡುತ್ತಿತ್ತು. ಮಾತು ಮಾತ್ರ ವೃತ್ತಪತ್ರಿಕೆಯ ಗಂಭೀರ ಅಕ್ಷರದಲ್ಲಿತ್ತು. ನಾಯಿ ಸಂಪಾದಕೀಯ ಓದಿದಂತೆ! ಅವರು ಚಿತ್ರಕಥೆಗಳ ಕೈಬರಹವನ್ನು ನೋಡಿ, ದುಂಡಗಿನ, ತುಸು ಓರೆಕೋರೆಯಾದ ‘ಕಾಮಿಕ್ ಸ್ಯಾನ್ಸ್’ ಅಕ್ಷರಗಳನ್ನು ರಚಿಸಿದರು. ಆ ನಾಯಿಗೆ ಅವು ಹೊತ್ತಿಗೆ ಒದಗಲಿಲ್ಲ. ಆದರೆ ವಿಂಡೋಸಿನ ಜೊತೆ ಲೋಕದ ಗಣಕಗಳನ್ನೆಲ್ಲ ಹೊಕ್ಕವು.

ಬಳಿಕ ಆಹ್ವಾನಪತ್ರ, ಅಂಗಡಿಯ ಫಲಕ, ಕಚೇರಿಯ ಸೂಚನೆ ಎಲ್ಲೆಲ್ಲಿಯೂ ಅವೇ. ಬಲ್ಲವರು ನಕ್ಕರು. 2012ರಲ್ಲಿ ಸರ್ನ್ ಸಂಶೋಧನಾಲಯದಲ್ಲಿ ವಿಜ್ಞಾನಿ ಫ್ಯಾಬಿಯೋಲಾ ಜಾನೊಟ್ಟಿ ಅವರು ಹಿಗ್ಸ್ ಕಣದ ಶೋಧವನ್ನು ಇವೇ ಅಕ್ಷರಗಳಲ್ಲಿ ನಿರೂಪಿಸಿದಾಗ ನಗು ಇನ್ನೂ ಜೋರಾಯಿತು. ನಾನೂ ನಕ್ಕವನೇ.

ನನ್ನ ಮೊಮ್ಮಗ ಓದುವಾಗ ತಡವರಿಸುವ ಹುಡುಗ. ಅವನ ಅಧ್ಯಾಪಿಕೆ ಇಂಗ್ಲಿಷ್ ಪಾಠವನ್ನು ಈ ಅಕ್ಷರದಲ್ಲಿ ಅಚ್ಚುಮಾಡಿ ಕೊಟ್ಟರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೊನೆಯವರೆಗೂ ಓದಿದ. ಒತ್ತೊತ್ತಾಗಿ ಕಾಣದ ಅಕ್ಷರಗಳೆಂದು ಬ್ರಿಟನ್ನಿನ ಡಿಸ್ಲೆಕ್ಸಿಯಾ ಸಂಘವು ಸೂಚಿಸಿರುವವುಗಳಲ್ಲಿ ಇದೂ ಒಂದೆಂದು ನನಗೆ ತಿಳಿದದ್ದು ಆಮೇಲೆ.

ಶೋಕಪತ್ರಕ್ಕೆ ಈ ಅಕ್ಷರ ಸಲ್ಲದು, ನಿಜ. ಆ ತಪ್ಪು ಆರಿಸಿದವರದು. ನಗುವ ಮೊದಲು, ಓದುತ್ತಿರುವವರು ಯಾರೆಂದು ನಾವು ಒಮ್ಮೆ ನೋಡಬೇಕು.