ಕೇರಿ ಮಕ್ಕಳ ಕಾಯಿಲೆ ಬರೆಯೋದು ಹೇಗೆ?
(ಕೇರಿ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಸರ್ವೆಯವರು ಕೇರಿಗೆ ಬರ್ತಾರೆ. ಬಾಗಿಲಾಚೆ ನಿಂತೇ 'ಮಗು ಚೆನ್ನಾಗಿದೆಯೇನಮ್ಮಾ?' ಅಂತಾರೆ. ಕೂಲಿಗೆ ಹೊರಟು ನಿಂತ ತಾಯಿ 'ಚೆಂದಾಗದೆ ಸ್ವಾಮಿ' ಅಂತಾಳೆ. ಕಾಗದದಲ್ಲಿ ಸೊನ್ನೆ ಬೀಳ್ತದೆ. ಒಳಗೆ ಮಗುವಿಗೆ ಮೂರು ದಿನದಿಂದ ಭೇದಿ. ಆ ತಾಯಿ ಸುಳ್ಳು ಹೇಳಲಿಲ್ಲ. ಮಕ್ಕಳಿಗೆ ಭೇದಿ ಆಗೋದು, ಕೆಮ್ಮು ಬರೋದು ಕಾಯಿಲೆ ಅಂತಲೇ ಅನ್ನಿಸದ ಹಾಗೆ ನಮ್ಮ ಬದುಕನ್ನು ಮಾಡಿಟ್ಟಿದ್ದಾರೆ.

ಇದು ಬರೀ ಭಾಷಣದ ಮಾತಲ್ಲ. ದೆಹಲಿಯಲ್ಲಿ 2000ದಿಂದ 2002ರವರೆಗೆ 1,621 ಜನರ ಆರೋಗ್ಯವನ್ನು ಸಂಶೋಧಕರು ಬರೆದಿಟ್ಟರು. ವಾರ ವಾರ ಕೇಳಿದಾಗ ಉಳ್ಳವರಿಗಿಂತ ಬಡವರೇ ಹೆಚ್ಚು ಸಲ ಡಾಕ್ಟರ ಹತ್ತಿರ ಹೋಗಿದ್ದು ಕಂಡಿತು. ತಿಂಗಳಿಗೊಮ್ಮೆ ಕೇಳಿದಾಗ ಲೆಕ್ಕ ತಲೆಕೆಳಗಾಯಿತು. ಬಡವರ ಕಾಯಿಲೆಯೇ ಕಾಗದದಿಂದ ಮಾಯ!

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 5 ವರ್ಷದೊಳಗಿನ ಮಕ್ಕಳಿಗೆ ಹಿಂದಿನ ಎರಡು ವಾರದಲ್ಲಿ ಬಂದ ಭೇದಿ, ಜ್ವರ, ಕೆಮ್ಮು ಕೇಳ್ತಾರೆ. ಅದರಿಂದ ರಾಜ್ಯದ, ಜಿಲ್ಲೆಯ ಸ್ಥಿತಿ ಗೊತ್ತಾಗ್ತದೆ. ನಮ್ಮ ಕೇರಿಯದು ಗೊತ್ತಾಗೋದಿಲ್ಲ. ಅದನ್ನು ನಾವೇ ಬರೀಬೇಕು. ಹೇಗೆ?

ಒಂದು: ವಾರಕ್ಕೊಮ್ಮೆ, ಗೊತ್ತು ಮಾಡಿದ ದಿನವೇ, ಕೂಲಿಯಿಂದ ಬಂದ ಮೇಲೆ ಹೋಗಿ. ಮನೆಯೊಳಗೆ ಕೂತು ಕೇಳಿ.

ಎರಡು: 'ಕಾಯಿಲೆ ಇದೆಯಾ' ಅನ್ನಬೇಡಿ. ಕಂಡದ್ದನ್ನು ಕೇಳಿ. 24 ಗಂಟೆಯಲ್ಲಿ ಮೂರು ಸಲ ಅಥವಾ ಹೆಚ್ಚು ನೀರಾಗಿ ಹೋಗಿದ್ದರೆ ಅದು ಭೇದಿ. ತಾಯಿ 'ಹಲ್ಲು ಬರ್ತಾ ಅದೆ, ಅದಕ್ಕೇ' ಅಂದರೂ ಭೇದಿಯೇ. ಅವಳ ಮಾತನ್ನೂ ಪಕ್ಕದಲ್ಲಿ ಬರ್ಕೊಳ್ಳಿ.

ಮೂರು: ಕೆಮ್ಮೋ ಮಗುವಿನ ಉಸಿರನ್ನು ಅದು ಅಳದೆ ಇರೋವಾಗ ಪೂರಾ ಒಂದು ನಿಮಿಷ ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ಒಂದು ವರ್ಷ ತುಂಬೋತನಕ 50, ಆಮೇಲೆ 5 ವರ್ಷದವರೆಗೆ 40. ಇಷ್ಟಾದರೂ, ಇದಕ್ಕೆ ಮೀರಿದರೂ ಪುಸ್ತಕ ಮುಚ್ಚಿ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೀರಿ.

ನಾಲ್ಕು: 6 ತಿಂಗಳಿಂದ 5 ವರ್ಷದ ಮಕ್ಕಳ ಎಡ ತೋಳಿನ ನಡುಭಾಗವನ್ನು ಟೇಪಿನಲ್ಲಿ ಅಳೀರಿ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನೂ ತಡಮಾಡದೆ ತೋರಿಸಿ.

ಐದು: ಓದು ಬಾರದ ತಾಯಿಗೆ ಒಂದು ಕ್ಯಾಲೆಂಡರ್ ಕೊಡಿ. ಭೇದಿಗೆ ಚುಕ್ಕೆ, ಜ್ವರಕ್ಕೆ ಗೀಟು, ಕೆಮ್ಮಿಗೆ ಸೊನ್ನೆ. ದಿನಾ ಅವಳೇ ಹಾಕಲಿ. ಮನೆಗೆ ಎಲ್ಲಿಯ ನೀರು ಅನ್ನೋದನ್ನೂ ಅದರ ಮೇಲೇ ಬರೆದಿಡಿ.

ಮಕ್ಕಳ ಹೆಸರು ಮಾತ್ರ ಸಭೆಯಲ್ಲಿ ಓದಬೇಡಿ. ಯಾವ ತಾಯಿಯೂ ತಲೆ ತಗ್ಗಿಸೋ ಹಾಗೆ ಆಗಬಾರದು.

ಇಷ್ಟೆಲ್ಲ ಯಾಕೆ? ಬರಿಗೈಲಿ ಪಂಚಾಯ್ತಿಗೆ ಹೋದರೆ 'ನಿಮ್ಮೋರು ಶುಚಿಯಾಗಿರಲ್ಲ' ಅಂತ ಬೈದು ಕಳಿಸ್ತಾರೆ. ಒಂದೇ ಬೋರ್‌ವೆಲ್ ನೀರು ಕುಡಿಯೋ ಹತ್ತು ಮನೆಯಲ್ಲಿ ಒಂದೇ ವಾರ ಚುಕ್ಕೆ ಬಿದ್ದಿದ್ದರೆ, ಆ ಹತ್ತು ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹರವಿ. 'ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಬೈಯೋರಂತೆ' ಅನ್ನಿ. ತಾರೀಕು ಸಮೇತ ಕೇಳಿದರೆ ಅವರು ಉತ್ತರ ಕೊಡಲೇಬೇಕಾಗ್ತದೆ.

ಬರೋ ವಾರದಿಂದಲೇ ಶುರು ಮಾಡೋಣ. ಜೈ ಭೀಮ್.