ಎರಡು ಲಿಪಿಗಳ ನಡುವೆ ನಮ್ಮ ಮಕ್ಕಳು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ. ಕೆಲವು ವರ್ಷಗಳ ಹಿಂದೆ ಐದನೇ ತರಗತಿಯ ಹುಡುಗನೊಬ್ಬ ‘ಅಗಸನ ಕತ್ತೆ’ ಎಂಬುದನ್ನು ‘ಅಗಸನ ಕತೆ’ ಎಂದು ಓದಿದ. ತರಗತಿಯೆಲ್ಲ ನಕ್ಕಿತು. ನಾನೂ ‘ದಡ್ಡ’ ಎಂದುಬಿಟ್ಟೆ. ಮುಂದಿನ ಪಿರಿಯಡ್‌ನಲ್ಲಿ ಅದೇ ಹುಡುಗ ಉರ್ದು ಪಾಠವನ್ನು ಸರಾಗವಾಗಿ ಓದಿದಾಗ ನನಗೆ ನಾಚಿಕೆಯಾಯಿತು. ದಡ್ಡನಾಗಿದ್ದರೆ ಅಲ್ಲಿಯೂ ತಡವರಿಸಬೇಕಿತ್ತಲ್ಲವೇ?

ಉರ್ದು ಬರಹದಲ್ಲಿ ಜಬರ್, ಜೇರ್, ಪೇಶ್ ಎಂಬ ಹ್ರಸ್ವಸ್ವರದ ಗುರುತುಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ದ್ವಿತ್ವವನ್ನು ತೋರಿಸುವ ತಷ್ದೀದನ್ನೂ ಅನೇಕ ಸಲ ಹಾಕುವುದಿಲ್ಲ. ಅಲಿಫ್, ಸೀನ್ ಸೇರಿದರೆ ‘ಇಸ್’ ಎಂದೂ ಓದಬಹುದು, ‘ಉಸ್’ ಎಂದೂ ಓದಬಹುದು. ಯಾವುದೆಂದು ವಾಕ್ಯವೇ ಹೇಳಬೇಕು. ಹೀಗಾಗಿ ಮಗು ಅರ್ಥ ನೋಡಿಕೊಂಡು ಪದವನ್ನು ಇಡಿಯಾಗಿ ಗುರುತಿಸಲು ಕಲಿಯುತ್ತದೆ. ಕನ್ನಡದಲ್ಲಿ ಸ್ವರ, ಒತ್ತು ಎಲ್ಲವೂ ಕಾಗದದ ಮೇಲಿವೆ. ಒಂದು ಒತ್ತು ತಪ್ಪಿದರೆ ಕತ್ತೆ ಕತೆಯಾಗುತ್ತದೆ. ಆ ಹುಡುಗ ಉರ್ದುವಿನ ಜಾಣತನವನ್ನೇ ಕನ್ನಡಕ್ಕೂ ತಂದಿದ್ದ, ಅಷ್ಟೇ.

ಲಿಪಿಯ ಪ್ರಭಾವ ಬರೀ ನನ್ನ ಊಹೆಯಲ್ಲ. ಹಿಂದಿ, ಉರ್ದು ಎರಡನ್ನೂ ಓದಬಲ್ಲವರನ್ನು ಕುರಿತು ಚೈತ್ರಾ ರಾವ್, ಜ್ಯೋತ್ಸ್ನಾ ವೈದ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ಹಿಂದಿ ಪದಗಳನ್ನು ಉರ್ದು ಪದಗಳಿಗಿಂತ ಬೇಗ ಓದಿದ್ದು ಕಂಡುಬಂತು. ಆಡುಮಾತಿನಲ್ಲಿ ಇವೆರಡೂ ಬಹುಪಾಲು ಒಂದೇ. ದೊಡ್ಡ ವ್ಯತ್ಯಾಸ ಲಿಪಿಯದು. ಕನ್ನಡ ಓದಿನ ಬಗ್ಗೆ ಸೊನಾಲಿ ನಾಗ್ ಅವರ 2007ರ ಅಧ್ಯಯನ, ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ಮೇಲಿನ ತರಗತಿಗಳವರೆಗೂ ಸಾಗುತ್ತದೆಂದು ತೋರಿಸಿತು. ಹಾಗಿರುವಾಗ ಎರಡು ಲಿಪಿ ಹೊತ್ತ ಮಗುವಿಗೆ ನಾವು ಅವಸರ ಮಾಡುವುದು ಸರಿಯೇ?

ಇನ್ನೊಂದು ಮಾತು. ಮನೆಯಲ್ಲಿ ದಖ್ಖನಿ ಆಡುವ ಮಗು ‘ಮುಂಗಾರು’ ಎಂದು ತಪ್ಪಿಲ್ಲದೆ ಓದುತ್ತದೆ, ಆದರೆ ಅರ್ಥ ತಿಳಿದಿರುವುದಿಲ್ಲ. ಕಿವಿಗೆ ಬೀಳದ ಪದ ಕಣ್ಣಿಗೂ ಅಪರಿಚಿತವೇ. ‘ಹಾಜರಿ’, ‘ಅರ್ಜಿ’, ‘ಜಮೀನು’ ಎಂದರೆ ಮಗುವಿನ ಮುಖ ಅರಳುತ್ತದೆ. ಇವು ಅದರ ಮನೆಯ ಪದಗಳೂ ಹೌದು. ಉರ್ದುವಿನಲ್ಲಿ ‘ಹಾಜರಿ’, ‘ಅರ್ಜಿ’ಗಳಿಗೆ ಜ್ವಾದ್, ‘ಜಮೀನು’ವಿಗೆ ಜೇ, ಕನ್ನಡದಲ್ಲಿ ಎಲ್ಲಕ್ಕೂ ಒಂದೇ ‘ಜ’. ಇಂಥ ಪದಗಳಿಂದಲೇ ಕನ್ನಡ ಪಾಠ ಆರಂಭಿಸಿದರೆ ಮಗುವಿನ ಅಂಜಿಕೆ ಅರ್ಧ ಕಡಿಮೆಯಾಗುತ್ತದೆ. ಇದು ನನ್ನ ಅನುಭವ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ: ಒತ್ತಕ್ಷರಕ್ಕೆ ಪ್ರತಿದಿನ ಹತ್ತು ನಿಮಿಷ ಕೊಡಿ. ಹೊಸ ಪದವನ್ನು ಓದಿಸುವ ಮೊದಲು ಮಾತಿನಲ್ಲಿ ಕೇಳಿಸಿ. ಪಾಲಕರು ಉರ್ದುವನ್ನು ಬಿಡಿಸಬೇಡಿ. ಕನ್ನಡ ಕಿವಿಗೆ ಬೀಳುವಂತೆ ಮಾಡಿ. ಮಕ್ಕಳನ್ನು ಸಂತೆಗೆ, ನೆರೆಮನೆಗೆ, ಗ್ರಂಥಾಲಯಕ್ಕೆ ಕಳುಹಿಸಿ.

‘ದಡ್ಡ’ ಎಂಬ ಒಂದು ಮಾತಿಗೆ ಶಾಲೆ ಬಿಡುವ ಮಕ್ಕಳಿದ್ದಾರೆ. ನನ್ನ ಹುಡುಗ ಬಿಡಲಿಲ್ಲ. ಮರುದಿನ ತರಗತಿಯ ಎದುರಿಗೇ ಅವನಲ್ಲಿ ಕ್ಷಮೆ ಕೇಳಿದೆ. ಅಂದಿನಿಂದ ಆ ಪದವನ್ನು ನನ್ನ ನಾಲಿಗೆಗೆ ತಂದಿಲ್ಲ. ತಾವೂ ತರಬಾರದೆಂದು ಕೋರುತ್ತೇನೆ.