ನಂಬಿಕೆ ಹಂಚೋದಕ್ಕೆ ಎಷ್ಟು ಬೆಲೆ?

ಇವತ್ತಿನ ವಿಷಯ ಸ್ವಲ್ಪ ಸೂಕ್ಷ್ಮ, ಪೂರ್ತಿ ಕೇಳಿ ಆಮೇಲೆ ಜಗಳ ಆಡಿ. ಕರ್ನಾಟಕದ ಚರ್ಚ್‌ಗಳಿಗೆ ತಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳೋದು ಯಾಕೆ ಕಷ್ಟ ಆಗ್ತಿದೆ?

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87 ಮಾತ್ರ. ನೂರಕ್ಕೆ ಇಬ್ಬರೂ ಇಲ್ಲ.

ಮೊದಲನೇ ಅಡ್ಡಿ, ಕಾನೂನು. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತೆ. ಆದರೆ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಅಂದ್ರೆ ಇನ್ನೊಬ್ಬರನ್ನು ಮತಾಂತರ ಮಾಡೋ ಹಕ್ಕಲ್ಲ ಅಂತ ಹೇಳಿತು. ಹಾಗಾದ್ರೆ ತಿಳಿಸೋದು ಎಲ್ಲಿ ಮುಗಿಯುತ್ತೆ, ಮತಾಂತರ ಎಲ್ಲಿ ಶುರುವಾಗುತ್ತೆ?

2022ರಲ್ಲಿ ನಮ್ಮ ರಾಜ್ಯ ಮತಾಂತರ ತಡೆ ಕಾಯ್ದೆ ತಂತು. ಅದರಲ್ಲಿ 'ಆಮಿಷ' ಅನ್ನೋ ಪದದ ಅರ್ಥ ನೋಡಿ: ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಎಲ್ಲಾ ಸೇರಿದೆ. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿ ಮೇಲೆ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಇದನ್ನು ವಾಪಸ್ ಪಡೆಯೋಕೆ ತೀರ್ಮಾನ ಮಾಡಿತು. ಆದರೆ ಅನುಮಾನ ವಾಪಸ್ ಹೋಗುತ್ತಾ?

ಬಡತನ ಬಳಸಿಕೊಂಡು ಮತ ಬದಲಿಸಬಾರದು ಅನ್ನೋದು ನ್ಯಾಯವಾದ ಮಾತೇ. ಆದರೆ ಕ್ರೈಸ್ತರಿಗೆ ಹಸಿದವರಿಗೆ ಊಟ ಕೊಡೋದು ನಂಬಿಕೆಯ ಭಾಗ. ಸೇವೆ ಮಾಡಿದ್ರೆ ಅನುಮಾನ, ಮಾಡದಿದ್ರೆ ತಮ್ಮ ದೇವರಿಗೇ ಮೋಸ. ಪಾದ್ರಿ ಏನು ಮಾಡಬೇಕು?

ಎರಡನೇ ಅಡ್ಡಿ. ನಾನು ಬಿಕಾಂ ಓದಿದವನು, ಖರ್ಚಿನ ಕಾಲಂ ನೋಡದೆ ಬಿಡಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತರೊಬ್ಬರು ಕ್ರೈಸ್ತರಾದ್ರೆ ಪರಿಶಿಷ್ಟ ಜಾತಿಯ ಸ್ಥಾನ ಹೋಗುತ್ತೆ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದ್ರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದ್ರು. ಅಂದ್ರೆ ನಂಬಿಕೆ ಬದಲಾದ್ರೆ ಮಗಳ ಕಾಲೇಜ್ ಸೀಟಿನ ಲೆಕ್ಕವೂ ಬದಲಾಗುತ್ತೆ. ಊರಿನವರ ಕಣ್ಣಲ್ಲಿ ಜಾತಿ ಮಾತ್ರ ಹಾಗೇ ಇರುತ್ತೆ.

ಮೂರನೇದು ಚರ್ಚ್‌ನ ಒಳಗಿನದ್ದು. ಇಲ್ಲೂ ಜಾತಿ ಇದೆ ಅಂತ ದಲಿತ ಕ್ರೈಸ್ತರು ದಶಕಗಳಿಂದ ಹೇಳ್ತಾನೇ ಇದ್ದಾರೆ. ಪಕ್ಕದ ತಮಿಳುನಾಡಲ್ಲಿ ಜಾತಿಗೊಂದು ಸ್ಮಶಾನದ ವಿರುದ್ಧ ಹೋರಾಟಗಳೇ ನಡೆದಿವೆ. ದೇವರ ಮುಂದೆ ಎಲ್ಲರೂ ಒಂದೇ ಅಂತ ಸಾರೋರ ಮನೆಯಲ್ಲೇ ಎರಡು ಪಂಕ್ತಿ ಇದ್ರೆ ಕೇಳೋರು ಯಾಕೆ ನಂಬ್ತಾರೆ? ಇದನ್ನ ಯಾವ ಸರ್ಕಾರವೂ ತಂದಿದ್ದಲ್ಲ.

ಬಾಸೆಲ್ ಮಿಷನ್‌ನವರು ಬಂದಿದ್ದೇ ಮತ ಪ್ರಚಾರಕ್ಕೆ, ಮುಚ್ಚಿಡೋದೇನಿಲ್ಲ. ಆದರೆ ಮೊಗ್ಲಿಂಗ್ 1843ರಲ್ಲಿ 'ಮಂಗಳೂರು ಸಮಾಚಾರ' ಶುರು ಮಾಡಿದ್ರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು, ಇವತ್ತೂ ಬಳಸ್ತೀವಿ. ಹೇಳೋದಕ್ಕೆ ಬಂದವರು ಮೊದಲು ಇಲ್ಲಿನವರ ಮಾತು ಕೇಳಿಸಿಕೊಂಡ್ರು.

ಕಾಯ್ದೆಯ ಅಡ್ಡಿ ಕೋರ್ಟಲ್ಲಿ, ವಿಧಾನಸೌಧದಲ್ಲಿ ತೀರ್ಮಾನ ಆಗಲಿ. ಒಳಗಿನ ಪಂಕ್ತಿ ತೆಗೆಯೋಕೆ ಯಾರ ಅನುಮತಿಯೂ ಬೇಕಾಗಿಲ್ಲ. ನಿಮಗೇನು ಅನ್ಸುತ್ತೆ? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಸಿಗೋಣ.